ರೊವೀನಾಳ ಚೀಟಿಗಳು

ಫೆಬ್ರವರಿ 26, ಗುರುವಾರ
ಬೆಳಗಿನ ಟ್ರಿಪ್ ಮುಗಿಯಿತು. ಮೂವತ್ತೆರಡು ಮಕ್ಕಳು, ಒಂದು ವಾಂತಿ. ಬಸ್ ತೊಳೆದು ಅದೇ ಬಟ್ಟೆಯಲ್ಲೇ ವಿನ್ಯಾರ್ಡ್ ಪೇಟೆಯಲ್ಲಿ ಮತ ಕೇಳುತ್ತ ಹೊರಟೆ. ಮಾಂಸದಂಗಡಿಯವನು ನನ್ನ ಕೈ ಕುಲುಕಿ, ಆಮೇಲೆ ತನ್ನ ಕೈ ಒರೆಸಿಕೊಂಡ. ಅವನದೇ ಅಂಗಡಿಯಲ್ಲಿ!

ಸಂಜೆ ಸ್ಟ್ಯಾನ್ಲಿ ಊರಿನಲ್ಲಿ ಗೆಳತಿ ರೊವೀನಾ ಮನೆ, ನನ್ನ ಪಾಲಿಗೆ ರೋ. ಇಪ್ಪತ್ತಾರು ವರ್ಷದಿಂದ ಗುರುವಾರದ ಚಹಾ ಅಲ್ಲೇ. ನೆಟ್‌ಬಾಲ್ ಆಡುವಾಗ ಶುರುವಾದದ್ದು. ಮೊಣಕಾಲು ಹೋದವು, ಚಹಾ ಉಳಿಯಿತು. ಈಗ ಇಬ್ಬರೂ ಒಂದೇ ಪಕ್ಷದ ಉಮೇದುವಾರರು.

ಕ್ಷೇತ್ರಕ್ಕೆ ಏಳು ಸ್ಥಾನ; ಮತದಾರರು ಹೆಸರುಗಳ ಮುಂದೆ ಒಂದು, ಎರಡು ಎಂದು ಇಷ್ಟದ ಕ್ರಮ ಬರೆಯಬೇಕು. ನಮ್ಮ ಪಟ್ಟಿಯಲ್ಲೇ ಏಳು ಜನ. ಬರುವುದು ಹೆಚ್ಚೆಂದರೆ ಮೂವರು. ಇಬ್ಬರು ಹಳೇ ಹುಲಿಗಳು, ಅವರದು ಗ್ಯಾರಂಟಿ. ಮೂರನೆಯದು ನನಗೆ, ಇಲ್ಲ ರೋಗೆ. ಇಬ್ಬರಿಗೂ ಗೊತ್ತು, ಬಾಯಿ ಬಿಟ್ಟು ಆಡುವುದಿಲ್ಲ. ಇವತ್ತು ಅವಳೇ ಆಡಿದಳು.
“ನನ್ನ ಜನಕ್ಕೆ ಹೇಳ್ತೀನಿ, ಒಂದು ನನಗೆ, ಎರಡು ಲಿನ್‌ಗೆ ಅಂತ. ನೀನೂ ನಿನ್ನೋರಿಗೆ ಹಾಗೇ ಹೇಳು. ಯಾರು ಬಂದ್ರೂ ಸೀಟು ಈ ಮನೆಯದೇ.”
ಕೈ ಮೇಲೆ ಕೈ ಇಟ್ಟು ಒಪ್ಪಿದೆ. ಮನಸಾರೆ.

ಮಾರ್ಚ್ 5, ಗುರುವಾರ
ಚಹಾಕ್ಕೆ ಹೋಗಲಿಲ್ಲ. ತಲೆನೋವು ಎಂದೆ.

ಬೇಕರಿಯ ಮಾವಿಸ್ ಪೈ ಕಟ್ಟಿಕೊಡುತ್ತ ಹೇಳಿದಳು — ರೊವೀನಾ ಹಾಲಿನ ಡೇರಿ ಡೇರಿಗೆ ಹೋಗಿ, ಒಂದು ನನಗೆ ಹಾಕಿ ಸಾಕು, ಲಿನ್ ಪಾಪ ಬಸ್ ಓಡಿಸಿಕೊಂಡಿರಲಿ, ಅಂದಳಂತೆ. ಅಂತೆ.

ಗಂಡ ಕ್ಲೈವ್‌ಗೆ ಹೇಳಿದೆ. ಹಸುವಿನ ಕೆಚ್ಚಲಿನಿಂದ ತಲೆ ಎತ್ತದೆ, ಫೋನ್ ಮಾಡಿ ಕೇಳು ಅಂದ. ಕೇಳಬಹುದಿತ್ತು. ಎರಡು ನಿಮಿಷದ ಕೆಲಸ. ಕೇಳಲಿಲ್ಲ... ಉರಿಯುತ್ತಿತ್ತು.

ಮಾರ್ಚ್ 9
ಬಸ್ ನಿಲ್ದಾಣಗಳಲ್ಲಿ ತಾಯಂದಿರು ಕೇಳುತ್ತಾರೆ: ಒಂದು ನಿನಗೆ ಸರಿ, ಉಳಿದದ್ದು? ಏಳರವರೆಗೆ ಬರೆಯಲೇಬೇಕಲ್ಲ. ಹೇಳಿದೆ — ರೊವೀನಾಗೆ ಏಳು, ಎಲ್ಲರಿಗಿಂತ ಕೊನೆಗೆ. ಮೊದಲ ಸಲ ನಾಲಿಗೆ ತಡವರಿಸಿತು. ಹತ್ತನೇ ಸಲಕ್ಕೆ ಸಲೀಸು.

ಮಾರ್ಚ್ 14, ಶನಿವಾರ. ಮತದಾನ
ಶಾಲೆಯ ಅಂಗಳದಲ್ಲಿ ಸಾಸೇಜ್ ಹುರಿಯುವ ಹೊಗೆ. ಅರ್ಧ ಊರು ಮತಕ್ಕಿಂತ ಮೊದಲು ಈರುಳ್ಳಿಗೆ ಸಾಲು ನಿಂತಿತ್ತು.

ರಟ್ಟಿನ ಮರೆಯಲ್ಲಿ ನಾನೊಬ್ಬಳೇ. ನನ್ನ ಹೆಸರಿನ ಮುಂದೆ ಒಂದು. ಆಮೇಲೆ ಪೆನ್ಸಿಲ್ ಅವಳ ಹೆಸರಿನ ಮೇಲೆ ನಿಂತಿತು. ಹಾಕಿದ್ದು ಏಳು. ಹೊರಗೆ ಬಂದು ಎರಡು ಸಾಸೇಜ್ ತಿಂದೆ. ರುಚಿ ನೆನಪಿಲ್ಲ.

ಮಾರ್ಚ್ 25, ಬುಧವಾರ
ಹನ್ನೊಂದು ದಿನದ ಎಣಿಕೆ. ಇವತ್ತು ಬರ್ನಿಯ ಎಣಿಕೆ ಕೇಂದ್ರದಲ್ಲಿ ನಾನು ಔಟ್. ಕಡಿಮೆ ಮತದವರನ್ನು ತೆಗೆದು, ಅವರ ಚೀಟಿ ಬಿಚ್ಚಿ, ಮುಂದಿನ ಅಂಕಿ ಯಾರಿಗೋ ಅವರಿಗೆ ಹಂಚುತ್ತಾರೆ. ಬಿಚ್ಚಿದ್ದು ನನ್ನವು. ಎಲ್ಲರ ಕಣ್ಣೆದುರು, ಮೇಜಿನ ಮೇಲೆ. ರೋಗೆ ಸಿಕ್ಕಿದ್ದು ಚೂರುಪಾರು. ಆದರೂ ಗೆದ್ದಳು, ಕೊನೆಯ ಸ್ಥಾನ, ಅರವತ್ತಮೂರು ಮತದಲ್ಲಿ.

ಎಣಿಕೆ ನೋಡಲು ನನ್ನ ಏಜೆಂಟ್ ಆಗಿ ಹೋದದ್ದು ಕ್ಲೈವ್. ಬಂದು ಬೂಟು ಬಿಚ್ಚಿದ. ಊಟ ಮಾಡಿದ. ಆಮೇಲೆ ಮಾತು.
“ಏಳು, ಏಳು, ಏಳು. ಅವಳ ಏಜೆಂಟ್ ನನ್ನ ಪಕ್ಕದಲ್ಲೇ ನಿಂತು ನೋಡ್ದ, ಲಿನ್. ನಾನು ನೆಲ ನೋಡ್ಕೊಂಡು ನಿಂತಿದ್ದೆ.”

ಅವಳೂ ಹಾಗೇ ಮಾಡಿರುತ್ತಾಳೆ ಎಂದೆ. ಮಾಡಿದ್ದರೂ ಕಾಣುವುದಿಲ್ಲ. ಕೊನೆಯ ಸ್ಥಾನ ಗೆದ್ದವರ ಚೀಟಿಯಲ್ಲಿ ಮುಂದಿನ ಅಂಕಿ ಯಾರೂ ನೋಡುವುದಿಲ್ಲ. ಕಟ್ಟು ಕಟ್ಟಿ, ಪೆಟ್ಟಿಗೆಗೆ ಹಾಕಿ, ಸೀಲು.

ಮಾರ್ಚ್ 26, ಗುರುವಾರ
ಅವಳು ಫೋನ್ ಮಾಡಲಿಲ್ಲ. ನಾನೂ.

ಏಪ್ರಿಲ್ 2, ಗುರುವಾರ
ಇಲ್ಲ.

ಮರುವರ್ಷ, ಸೆಪ್ಟೆಂಬರ್ 2, ಗುರುವಾರ
ಬಸ್ಸಿನ ರೇಡಿಯೋದಲ್ಲಿ. ಶಾಸಕಿ ರೊವೀನಾ ಹೈಲ್ಯಾಂಡ್ ರಾಜೀನಾಮೆ. ನರದ ಕಾಯಿಲೆ. ಕಾಲು ಮೊದಲು, ಕೈ ಆಮೇಲೆ. ಗುಣವಾಗುವಂಥದ್ದಲ್ಲ.

ಬಸ್ ಪಕ್ಕಕ್ಕೆ ಹಾಕಿದೆ. ಮಕ್ಕಳು ಯಾಕೆ ಯಾಕೆ ಎಂದರು. ಟೈರ್ ನೋಡಬೇಕು ಎಂದೆ. ಬಸ್ಸಿನ ಹಿಂದೆ ನಿಂತು ಅತ್ತೆ.

ಒಂದು ಮಾತು ಬರೆದಿಡಬೇಕು, ಇದನ್ನು ಓದುವವರು ಯಾರೂ ಇಲ್ಲ. ಸುದ್ದಿ ಕೇಳಿದಾಗ ಮೊದಲು ತಲೆಗೆ ಬಂದದ್ದು ಅವಳ ಕಾಲಲ್ಲ. ಕುರ್ಚಿ. ಕಾಲು ಎರಡನೆಯದು. ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ 6, ಸೋಮವಾರ
ಪಕ್ಷದ ಕಚೇರಿಯಿಂದ ಫೋನ್. ನಮ್ಮ ದ್ವೀಪದಲ್ಲಿ ಉಪಚುನಾವಣೆ ಇಲ್ಲ. ಸೋತವರಲ್ಲಿ ಬೇಕೆಂದವರು ಹತ್ತು ದಿನದೊಳಗೆ ಅರ್ಜಿ ಕೊಡಬೇಕು. ರೋಳನ್ನು ಗೆಲ್ಲಿಸಿದ ಅದೇ ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದು, ಅವಳ ಹೆಸರು ಬಿಟ್ಟು ಮುಂದಿನ ಅಂಕಿ ನೋಡುತ್ತಾರೆ. ನಮ್ಮ ಪಟ್ಟಿಯಲ್ಲೇ ಸೋತ ಡೆವನ್‌ಪೋರ್ಟಿನ ಕಾರು ವ್ಯಾಪಾರಿ ವಾರ್ವಿಕ್ ಆಗಲೇ ಅರ್ಜಿ ಕೊಟ್ಟಿದ್ದಾನಂತೆ.

ನಾನು ಕೊಡುವುದಿಲ್ಲ ಎಂದೆ. ಕಾಯಿಲೆಯವಳ ಕುರ್ಚಿಗೆ ಕಾದು ಕೂತವಳು ಅನ್ನುತ್ತಾರೆ. ಕ್ಲೈವ್ ಪೇಪರ್ ಮಡಚಿದ.
“ಅದಲ್ಲ ಮಾರಾಯ್ತಿ. ಆ ಚೀಟೀಲಿ ಏನಿದೆ ಅಂತ ನೋಡೋಕೆ ಭಯ ನಿಂಗೆ. ಅವಳು ಮೋಸ ಮಾಡಿಲ್ಲ ಅಂತ ಗೊತ್ತಾದ್ರೆ ನೀನೇನಾಗ್ತೀಯ?”
ಜಗಳವಾಡಿದೆ. ಅವನ ಅಮ್ಮನನ್ನೂ ಎಳೆದೆ. ಆಮೇಲೆ ಅರ್ಜಿ ತುಂಬಿದೆ.

ಸೆಪ್ಟೆಂಬರ್ 23, ಗುರುವಾರ. ಹೋಬಾರ್ಟ್
ನಾಲ್ಕು ಗಂಟೆ ಡ್ರೈವ್. ಕ್ಲೈವ್ ಚೀಟಿ ಎಣಿಸುವ ಕಚೇರಿಯ ಒಳಗೆ, ನಾನು ಕಾರಿನಲ್ಲಿ. ಒಳಗೆ ಹೋಗುವ ಧೈರ್ಯವಿಲ್ಲ. ಸ್ಯಾಂಡ್‌ವಿಚ್ ಮಡಿಲಲ್ಲೇ ಒಣಗಿತು.

ಮೂರೂಕಾಲಿಗೆ ಬಂದ. ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡ. ಸೋತೆ ಅಂದುಕೊಂಡೆ, ಅವನ ಮುಖ ಹಾಗಿತ್ತು.
“ಎರಡು ನಿಂಗೆ. ಕಟ್ಟು ಬಿಚ್ಚಿದ್ರೆ ನೀನು, ಇನ್ನೊಂದು ಬಿಚ್ಚಿದ್ರೆ ನೀನು. ಸ್ಟ್ಯಾನ್ಲಿ ಪೆಟ್ಟಿಗೇಲಿ ಬೇರೆ ಹೆಸರೇ ಇಲ್ಲ ಅನ್ನೋ ಹಾಗೆ. ವಾರ್ವಿಕ್ ಅರ್ಧಕ್ಕೇ ಎದ್ದು ಹೋದ.”

ಡೇರಿ ಡೇರಿಗೆ ಹೋಗಿದ್ದಳು. ಹೌದು, ಹೋಗಿದ್ದಳು. ನನ್ನ ಹೆಸರು ಹೇಳಲು.

ನನ್ನದು ಹಿತ್ತಾಳೆ ಕಿವಿ. ಬೇಕರಿಯ ಒಂದು ‘ಅಂತೆ’ಗೆ ಇಪ್ಪತ್ತಾರು ವರ್ಷ ಮಾರಿದೆ. ತಾ ಕಳ್ಳ ಪರರ ನಂಬ ಅನ್ನುತ್ತಾರಲ್ಲ, ಅದು ನಾನೇ. ನಾನು ಮಾಡಿದ್ದು ಅವಳಿಗೆ ಬರ್ನಿಯ ಎಣಿಕೆಯ ದಿನವೇ ಗೊತ್ತು. ಒಂದೂವರೆ ವರ್ಷ ಊರಲ್ಲಿ ಯಾರ ಹತ್ತಿರವೂ ಆಡಲಿಲ್ಲ. ಆಡಿದ್ದರೆ ನನ್ನ ಕಿವಿಗೆ ಬಾರದೆ ಇರುತ್ತಿರಲಿಲ್ಲ.

ನಾನು ಶಾಸಕಿ. ಕ್ಲೈವ್ ಕೈ ಹಿಡಿದುಕೊಂಡ.

ಸೆಪ್ಟೆಂಬರ್ 24, ಶುಕ್ರವಾರ, ಸಂಜೆ 4.10
ಸ್ಟ್ಯಾನ್ಲಿ. ರೋ ಮನೆ ಗೇಟು. ಅರ್ಧ ಗಂಟೆಯಿಂದ ಕಾರಿನಲ್ಲೇ. ಬರೆಯುತ್ತಿರುವುದು ಇಳಿಯದಿರಲು ಒಂದು ನೆವ, ಅಷ್ಟೇ.

ಬಾಗಿಲಿಗೆ ಇಳಿಜಾರು ಹಲಗೆ ಹಾಕಿಸಿದ್ದಾರೆ. ಗಾಲಿಕುರ್ಚಿಗೆ. ಯಾರೂ ಹೇಳಿರಲಿಲ್ಲ... ನಾನೂ ಯಾರನ್ನೂ ಕೇಳಿರಲಿಲ್ಲ.

ಏನು ಹೇಳುವುದು? ಥ್ಯಾಂಕ್ಸ್ ಎಂದರೆ ಕುರ್ಚಿಗೆ ಹೇಳಿದಂತೆ. ಹೇಗಿದ್ದೀಯ ಎಂದು ಕೇಳುವ ಹಕ್ಕಿಲ್ಲ. ಮೊದಲು ಅದನ್ನೇ ಹೇಳಬೇಕು — ನಾನು ಏಳು ಹಾಕಿಸಿದೆ, ನಾನೂ ಹಾಕಿದೆ. ಅವಳಿಗೆ ಗೊತ್ತಿದ್ದರೂ ನನ್ನ ಬಾಯಿಂದಲೇ ಬರಬೇಕು. ಬೈದರೆ ಬೈಯಲಿ. ಬೈದರೆ ಎಷ್ಟೋ ಚೆನ್ನ.

ಪರದೆ ಸರಿಯಿತು. ನನ್ನನ್ನು ನೋಡಿದಳು. ಕೈ ಬೀಸಲಿಲ್ಲ... ಕೈ ಏಳುವುದಿಲ್ಲವೇನೋ.

ಕಿಟಕಿಯಲ್ಲಿ ಈಗ ಇಲ್ಲ. ಚಿಲಕದ ಸದ್ದು. ತಾನೇ ತೆಗೆಯುತ್ತಿದ್ದಾಳೆ, ಆ ಕೈಯಲ್ಲಿ. ಸಿಗುತ್ತಿಲ್ಲ ಅವಳಿಗೆ, ಮತ್ತೆ ಪ್ರಯತ್ನ, ಮತ್ತೆ — ನಾನಿಲ್ಲಿ ಕೂತು ಬರೆಯು—