ಭಾನುವಾರದ ಆಟ

ಲಿಯಾನ್, ೧೬ ಮಾರ್ಚ್ ೧೯೬೦

ಪ್ರೀತಿಯ ತಿಬೋ,

ಹೇಗಿದ್ದೀಯ ಮಗನೇ? ಕಾಲಿನ ಹುಣ್ಣು ಮಾಯಿತೇ? ಆ ಅಲ್ಜೀರಿಯಾದ ಸೆಕೆಯಲ್ಲಿ ಬೂಟು ಬಿಚ್ಚದೆ ಮಲಗಬೇಡ. ನೀನು ಕೇಳಿದ ಕಾಲುಚೀಲ, ಒಣ ಸಾಸೇಜು ಕಳಿಸಿದ್ದೇನೆ.

ನಿನ್ನನ್ನು ಕಳಿಸಿದ ಆ ಯುದ್ಧದ ಬಗ್ಗೆ ಅಪ್ಪ ಕಾದಂಬರಿ ಬರೆದಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅದನ್ನೇ ನಾಟಕ ಮಾಡಿ, ನಮ್ಮ ಸೈನಿಕರು ಅರಬ್ ಕೈದಿಯೊಬ್ಬನನ್ನು ಕುರ್ಚಿಗೆ ಕಟ್ಟಿ ಬಾಯಿ ಬಿಡಿಸುವುದನ್ನು ತೋರಿಸಿದಾಗ ಊರಿಗೆ ಊರೇ ಕೆರಳಿತು. ಭಾನುವಾರ ಮಧ್ಯಾಹ್ನದ ಆಟದಲ್ಲಿ ಆ ದೃಶ್ಯ ಬಂದದ್ದೇ ತಡ, ಮುಖಕ್ಕೆ ಮಫ್ಲರ್ ಸುತ್ತಿಕೊಂಡ ಏಳೆಂಟು ಜನ ದೊಣ್ಣೆ ಹಿಡಿದು ರಂಗಕ್ಕೆ ನುಗ್ಗಿದರು. ಕೈದಿಯ ಪಾತ್ರದ ಮರ್ಸೆಲಾನ್‌ನನ್ನು ದೃಶ್ಯಕ್ಕೆಂದು ನಿಜವಾಗಿಯೇ ಬಿಗಿದು ಕಟ್ಟಿದ್ದರು, ಅವನಿಗೆ ಏಳಲಾಗಲಿಲ್ಲ. ನುಗ್ಗಿದವರು ಅವನನ್ನು ಕುರ್ಚಿ ಸಮೇತ ಕೆಡವಿ ತುಳಿದರು. ಇದೂ ನಾಟಕವೇ ಅಂದುಕೊಂಡು ಜನ ಚಪ್ಪಾಳೆ ತಟ್ಟುತ್ತಿದ್ದರು, ಅವನ ಹಲ್ಲು ಮುಂದಿನ ಸಾಲಿಗೆ ಬಂದು ಬೀಳುವವರೆಗೆ. ಅಪ್ಪ ಓಡಿಹೋಗಿ ಅವನ ಮೇಲೆ ಅಡ್ಡಬಿದ್ದರು. ಒಬ್ಬ, "ಬರೆದದ್ದು ಈ ಕೈಯಲ್ಲೇನೋ?" ಅಂತ ಅವರ ಬಲಗೈಯನ್ನು ಬೂಟುಗಾಲಲ್ಲಿ ಹೊಸಕಿದ. ಬೆರಳು ಮುರಿದ ಸದ್ದು ಪರದೆಯ ಮರೆಯಲ್ಲಿದ್ದ ನನಗೂ ಕೇಳಿಸಿತು. ಪರದೆಗೆ ಭಾರಕ್ಕೆಂದು ಕಟ್ಟುವ ಕಬ್ಬಿಣದ ಗುಂಡು ಕೈಗೆ ಸಿಕ್ಕಿತು. ಎತ್ತಿ ಅವನ ತಲೆಗೆ ಬಾರಿಸಿದೆ.

ಬಿದ್ದವನ ಮಫ್ಲರ್ ಸರಿಯಿತು. ನನ್ನ ತಮ್ಮ ಕಣೋ, ನಿನ್ನ ಗಾಸ್ಪಾರ್ ಮಾವ. ನಿನಗೆ ಈಜು ಕಲಿಸಿದವನು, ನಿನ್ನನ್ನು ರೈಲು ಹತ್ತಿಸುವಾಗ ನನಗಿಂತ ಹೆಚ್ಚು ಅತ್ತವನು. "ಅಕ್ಕಾ, ನಿನ್ನ ಮಗನನ್ನೇ ಕಟುಕ ಅಂತ ತೋರಿಸ್ತಿದ್ದಾರಲ್ಲೇ," ಅಂದ. ಆಮೇಲೆ ಎಚ್ಚರ ತಪ್ಪಿತು, ಇನ್ನೂ ಆಸ್ಪತ್ರೆಯಲ್ಲಿದ್ದಾನೆ.

ಮರ್ಸೆಲಾನ್ ಉಳಿದುಕೊಂಡಿದ್ದಾನೆ. ಅಪ್ಪನ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಎಡಗೈಯಲ್ಲಿ ಸೂಪು ಚೆಲ್ಲಿಕೊಂಡು ಕುಡಿಯುತ್ತಾ, ಶುಕ್ರವಾರ ಮತ್ತೆ ಆಡಿಸಿಯೇ ಸಿದ್ಧ ಅನ್ನುತ್ತಾರೆ. ಅವರ ಸಿಟ್ಟು ನಿನ್ನ ಮೇಲಲ್ಲ, ನಿನ್ನನ್ನು ಅಲ್ಲಿಗೆ ಅಟ್ಟಿದವರ ಮೇಲೆ. ಇದನ್ನು ನೀನು ನಂಬಬೇಕು.

ಅಪ್ಪನೂ ನಾನೂ ನಿನ್ನ ಹಣೆಗೆ ಮುತ್ತಿಡುತ್ತೇವೆ. ಜೀವ ಜೋಪಾನ, ಮನಸ್ಸೂ ಜೋಪಾನ.

ನಿನ್ನ ಅಮ್ಮ,
ಸೊಲಾಂಜ್

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಸುದ್ದಿ ಬಂತು. ಗಾಸ್ಪಾರ್ ಹೋಗಿಬಿಟ್ಟ. ಹೊಡೆದದ್ದು ತಾವೇ ಅಂತ ಅಪ್ಪ ಭಾನುವಾರವೇ ಪೊಲೀಸರ ಮುಂದೆ ಹೇಳಿಬಿಟ್ಟಿದ್ದಾರೆ, ನನ್ನನ್ನು ಬಾಯಿ ತೆರೆಯಲು ಬಿಡುತ್ತಿಲ್ಲ. ಅವರು ನಿದ್ದೆ ಹೋಗಿದ್ದಾರೆ, ನಾನು ಠಾಣೆಗೆ ಹೊರಟಿದ್ದೇನೆ. ದಾರಿಯಲ್ಲಿ ನಿನ್ನ ಅಜ್ಜಿಯ ಮನೆಗೆ ಹೋಗಬೇಕು. ಮಗ ಸತ್ತದ್ದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ.