ಹೆಂಗಸರ ಟಿಕೆಟ್ ಕಿಂಡಿ

ಮಾದನಾಯಕನಹಳ್ಳಿ

ಪಿಳ್ಳಮ್ಮಕ್ಕನಿಗೆ ನಮಸ್ಕಾರ.

ಗೋದಾಮು ಮಾಡಲೆಂದೇ ನಿಮ್ಮಿಂದ ಕೊಂಡ ಟಾಕೀಸನ್ನು ಉಳಿಸಿಕೊಂಡಿದ್ದಕ್ಕೆ ನನಗಾದ ಖರ್ಚು ಎರಡು ತಿಂಗಳು ಮತ್ತು ಬಾಡಿಗೆಗೆ ಬರಲಿದ್ದ ಒಂದು ಒಳ್ಳೆಯ ಕಂಪನಿ. ಕಂಪನಿಯವರು ಲಾರಿ ತಿರುಗಲು ಹೆಂಗಸರ ಟಿಕೆಟ್ ಕಿಂಡಿ ಒಡೆಯಬೇಕೆಂದರು, ನನ್ನಿಂದಾಗಲಿಲ್ಲ.

ಸಂಜೆ ಟಾಕೀಸಿನ ಮೈಕಿನಲ್ಲಿ ದೇವರ ಹಾಡು ಕೇಳಿದೊಡನೆ ಅಮ್ಮ ಒಲೆ ಆರಿಸಿ, ನನ್ನನ್ನು ಕಂಕುಳಿಗೇರಿಸಿಕೊಂಡು ಆ ಕಿಂಡಿಗೆ ಓಡುತ್ತಿದ್ದಳು. "ಬಾಗ್ಲತ್ರ ಕೂತ್ಕೊಳಮ್ಮಿ, ನಿನ್ ಮಗನ ರಾಗ ಕೇಳಾಕೆ ಯಾರೂ ಕಾಸು ಕೊಟ್ಟಿಲ್ಲ" ಎನ್ನುತ್ತ ನೀವು ಟಿಕೆಟ್ ಹರಿಯುತ್ತಿದ್ದಿರಿ.

ಮಾರಿದ ಮೇಲೆ ನೀವು ಈ ಬೀದಿಗೇ ಬಂದಿಲ್ಲ, ಗೊತ್ತು. ಭಾನುವಾರ ಮತ್ತೆ ಮೊದಲ ಆಟ. ಗಾರ್ಮೆಂಟ್ಸ್ ಹೆಂಗಸರು ಬರುತ್ತಾರೆ. ಕಿಂಡಿಯೊಳಗೆ ಮೆತ್ತನೆಯ ಕುರ್ಚಿ ಹಾಕಿಸಿದ್ದೇನೆ. ಕಾರು ಕಳಿಸಲೇ?

ಕಂಪನಿಗೆ ಪಕ್ಕದೂರಲ್ಲಿ ಶೆಡ್ ಸಿಕ್ಕಿತು. ಊರಿಗೆ ಟಾಕೀಸು ಉಳಿಯಿತು, ನನಗೆ ಅಮ್ಮ ನಿಲ್ಲುತ್ತಿದ್ದ ಜಾಗ. ನಿಮ್ಮ ಪಾಲಿನದನ್ನು ನೀವೇ ಬಂದು ತೆಗೆದುಕೊಳ್ಳಬೇಕು.

ಇಂತಿ,
ಬಾಗಿಲ ಬಳಿ ಅಳುತ್ತಿದ್ದ ದೇವರಾಜ