ಶೆಡ್ಡಿನ ಒಲೆಗೆ ಸೋಯಾ

ಸಿಡ್ನಿ, ಗುರುವಾರ

ಪ್ರೀತಿಯ ಅಕ್ಕಾ,

ಉಣ್ಣೆ ಕತ್ತರಿಸುವ ಪಂದ್ಯ ನಾಳೆ. ನನ್ನ ಶಿಷ್ಯೆ ಟೆಸ್ ಎರಡು ದಿನಗಳಿಂದ ಬರೀ ಬ್ರೆಡ್ ತಿಂದುಕೊಂಡಿದ್ದಾಳೆ, ಮಾಂಸ ಬಿಟ್ಟಿದ್ದಾಳಂತೆ! ಈ ಮಹಾನಗರದಲ್ಲಿ ತರಕಾರಿ ತಿನ್ನುವುದೂ ಶ್ರೀಮಂತರ ಶೋಕಿ. ಒಂದು ಸುಟ್ಟ ಹೂಕೋಸಿಗೆ ಇಪ್ಪತ್ತೆಂಟು ಡಾಲರ್ ಕೇಳಿದರು. ಅಲೆದು ಅಲೆದು ನನ್ನ ಮಂಡಿ ಊದಿಕೊಂಡಿದೆ. ಕೊನೆಗೆ ವಿಯೆಟ್ನಾಮಿನ ಅಜ್ಜಿಯೊಬ್ಬರ ಸಸ್ಯಾಹಾರಿ ಹೋಟೆಲಿನಲ್ಲಿ ಹನ್ನೆರಡು ಡಾಲರಿಗೆ ತಟ್ಟೆ ತುಂಬ ಊಟ ಸಿಕ್ಕಿತು. ಟೆಸ್ ಅದನ್ನೂ ದೂಡಿಬಿಟ್ಟಳು!

"ಇದು ಬಾತುಕೋಳಿನೇ, ಡೆಸ್! ಚರ್ಮ ನೋಡು!"

"ಬಾತುಕೋಳಿ ಥರ ಕಾಣೋ ಹಾಗೆ ಮಾಡಿರೋ ಸೋಯಾ ಕಣಮ್ಮ," ಎಂದ ಅಜ್ಜಿ ನನ್ನತ್ತ ತಿರುಗಿದರು. "ನೀನೇ ತಿಂದು ಹೇಳಪ್ಪ. ಕುರಿ ತಿಂದೇ ಬೆಳೆದೋನ ಥರ ಇದ್ದೀಯ."

ನಾನು ತಿಂದು ಸಾಕ್ಷಿ ನುಡಿಯಬೇಕಾಯಿತು. ಟೆಸ್ ಎರಡು ತಟ್ಟೆ ಮುಗಿಸಿ ಮೆಲ್ಲಗೆ ಕೇಳಿದಳು: "ಉಣ್ಣೆ ಕತ್ತರಿಸೋ ನಮ್ಮ ಶೆಡ್ಡಲ್ಲಿ ಮೂರು ಹೊತ್ತೂ ಕುರಿಮಾಂಸಾನೇ. ಈ ಕೆಲಸಾನೇ ಬಿಟ್ಬಿಡ್ಲಾ?"

ಅಕ್ಕಾ, ಆ ಶೆಡ್ಡಿನ ಅಡುಗೆಯವಳು ನೀನು. ಕುರಿಯ ಮೈಮೇಲೆ ಒಂದು ಗೀರೂ ಬೀಳದಂತೆ ಉಣ್ಣೆ ತೆಗೆಯುವ ಹುಡುಗಿಯನ್ನು ಎಲ್ಲರಿಗೂ ಒಂದೇ ಅಡುಗೆ ಎಂಬ ನಿನ್ನ ಹಠಕ್ಕಾಗಿ ಕಳೆದುಕೊಳ್ಳಲಾರೆ. ಒಣಗಿದ ಸೋಯಾ ತರುತ್ತಿದ್ದೇನೆ. ಸೋಮವಾರ ನಾವು ಮರಳಿದಾಗ ಅವಳಿಗೊಂದು ಬೇರೆ ಪಾತ್ರೆ ಇಡು. ಇಲ್ಲವಾದರೆ ನಿನ್ನ ಒಲೆಯ ಮುಂದೆ ನಾನೇ ನಿಲ್ಲುತ್ತೇನೆ, ನನ್ನ ಅಡುಗೆಯನ್ನು ಇಡೀ ತಂಡ ತಿನ್ನಬೇಕಾದೀತು.

ಅವಸರದಲ್ಲಿ,
ಡೆಸ್